ಗೆರೆ ಮೂಡದ ಹೆಬ್ಬೆಟ್ಟು

ತಲೆಗೂದಲಿನಲ್ಲಿ ಇನ್ನೂ ಬೆಂದ ರೇಷ್ಮೆಹುಳುವಿನ ವಾಸನೆ ಇದೆಯಾ—ಸೀಗೆಕಾಯಿ ಹಾಕಿ ಉಜ್ಜಿದ್ದಳು ಕರೀಮುನ್ನೀಸಾ, ಆದರೂ ಅನುಮಾನ, ನಡುಮನೆಯ ಬಾಗಿಲಿಗೆ ಒರಗಿ ಜಡೆಯ ತುದಿಯನ್ನು ಮೂಗಿಗೆ ಹಿಡಿದಳು, ಇನ್‌ಕಂ ಟ್ಯಾಕ್ಸ್ ಬರೆದುಕೊಡುವ ನರಸಿಂಹಪ್ಪನವರು ಹೊರಗೆ ಅಬ್ಬಾನ ಎದುರು ಕುರ್ಚಿಯಲ್ಲಿದ್ದಾರೆ, ಅವರೇನಂದುಕೊಳ್ಳುತ್ತಾರೋ, ಈ ಚಿಂತೆಯನ್ನು ದಿನಾ ಬರೆಯುವ ಡೈರಿಗೂ ಹೇಳಿಲ್ಲ, ತೊಂಬತ್ತರಲ್ಲಿ ಬಿ.ಕಾಂ. ಮುಗಿಸುವ ತನಕ ಚಿಂತಾಮಣಿಯ ಕಾಲೇಜಿನಲ್ಲಿ ಕೂತದ್ದೂ ಹೀಗೇ, ಬೆಂಚಿನ ಅಂಚಿನಲ್ಲಿ, ಪಕ್ಕದವಳು ಕರ್ಚೀಫು ತೆಗೆದಾಗಲೆಲ್ಲ ಉಸಿರು ಬಿಗಿಹಿಡಿದು, ಸಂಜೆ ಬಸ್ಸಿಳಿದರೆ ಶಿಡ್ಲಘಟ್ಟದ ಬೀದಿಗೆ ಬೀದಿಯೇ ಅದೇ ವಾಸನೆ, ಆಗ ಎದೆ ಸಡಿಲ, ಮನೆ ಬಂತು—ಮೂಗು ಮುಚ್ಕೋತೀಯೇನೇ, ಅನ್ನದ ವಾಸ್ನೆ ಅದು, ಎಂದು ನಗುತ್ತಿದ್ದಳು ಅಮ್ಮಿ. ಅಮ್ಮಿ ಅಂದರೆ ಹಬೆ, ತವರಿನಿಂದ ತಂದ ಚರಕದ ಗರಗರ, ಕುದಿನೀರಿನಲ್ಲಿ ಬೆರಳಾಡಿಸಿ ರೇಷ್ಮೆಗೂಡಿನ ಎಳೆ ಹುಡುಕುವ ಕೈ, ಕಾವಲಿಯ ರೊಟ್ಟಿಯನ್ನು ಬರಿಗೈಯಲ್ಲೇ ತಿರುವುವ ಕೈ, ಸುಡಲ್ವಾ ಅಮ್ಮೀ ಅಂದರೆ, ಸುಡೋದು ಬೆರಳಿಗೆ ಮರ್ತೋಗಿದೆ ಕಣೇ, ಆ ಬೆರಳುಗಳೇ ಕೆಂಪು ರಿಬ್ಬನ್ ಕಟ್ಟಿ ಶಾಲೆಗೆ ಕಳಿಸಿದ್ದು—ಮತ್ತೆ ಆ ಬ್ಯಾಂಕು, ಪಾಸ್ ಪುಸ್ತಕ ಮಾಡಿಸಲು ಹೋದ ದಿನ, ಹೆಬ್ಬೆಟ್ಟು ಒತ್ತಿದರೆ ಗೆರೆಯೇ ಇಲ್ಲ, ನೀಲಿ ಮಚ್ಚೆ ಅಷ್ಟೆ, ಇನ್ನೊಂದ್ ಸಲ ಒತ್ತಮ್ಮ ಅಂದ ಗುಮಾಸ್ತ, ಒತ್ತಿದಳು, ಮತ್ತೆ ಮಚ್ಚೆ, ಏನೋ ಕದ್ದವಳಂತೆ ಬೆರಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು ಅಮ್ಮಿ.

ಹೊರಗೆ ನರಸಿಂಹಪ್ಪನವರ ದನಿ, ಗೂಡು, ಸೌದೆ, ಖರ್ಚೆಲ್ಲ ಕಳೆದು ನಿಮ್ಮ ಲೆಕ್ಕ ಆಯ್ತು ಹಿದಾಯತ್ ಸಾಹೇಬ್ರೇ, ಸ್ವಂತ ಕಸುಬಿನೋರಿಗೆ ಪಿಎಫ್ಫೂ ಇಲ್ಲ, ಪಿಂಚಣೀನೂ ಇಲ್ಲ, ವಿಮೆ ಒಂದೇ ದಿಕ್ಕು, ಮನೆಯೋರಿಗೂ ಒಳ್ಳೆ ಪಾಲಿಸಿ ಬೇಕಂದ್ರೆ ಅವರ ಸ್ವಂತ ದುಡಿಮೆ ತೋರಿಸ್ಬೇಕು, ಏನಾದ್ರೂ ಇದೆಯಾ? ಅಬ್ಬಾ ನಕ್ಕರು, ಅವ್ಳದೇನು ದುಡಿಮೆ ಸಾಮಿ, ಮನೇಲಿ ಇರ್ತಾಳೆ, ಅಂಗೇ ಬರ್ಕೊಳ್ಳಿ—ಗೂಡಿನ ಹರಾಜಿನಲ್ಲಿ ಬೆಲೆ ಕೂಗುವ ಅದೇ ಗಟ್ಟಿ ದನಿ, ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಮಾರ್ಕೆಟ್ಟೆಲ್ಲ ತೋರಿಸಿದವರು, ಕೆಟ್ಟವರಲ್ಲ, ಹಿತ್ತಲಿಂದ ಗರಗರ ಬರುತ್ತಲೇ ಇದೆ, ಅವರ ಕಿವಿಗೆ ಅದು ಗಡಿಯಾರದ ಸದ್ದಿನಂತೆ, ಕೇಳಿಯೂ ಕೇಳುವುದಿಲ್ಲ. ಯಾರ ದುಡಿಮೆಯೋ ಅವರ ಆದಾಯ, ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ಇಲ್ಲಿ ಜಡೆಯ ತುದಿ ಹಿಡಿದು ಬಾಗಿಲಿಗೆ ಅಂಟಿದ್ದಾಳೆ, ನರಸಿಂಹಪ್ಪನವರು ಪೆನ್ನಿನ ಕ್ಯಾಪ್ ತೆಗೆದರು, ಸರಿ, ಮನೆಗೆಲಸ ಅಂತ ಹಾಕ್ತೀನಿ ಅಂದರು, ಸುಮ್ಮನಿರು ಅಂದಿತು ಮನಸ್ಸು, ಡೈರಿಗೆ ಬರೆದರಾಯಿತು, ಅಬ್ಬಾಗೆ ಅವಮಾನ, ಹತ್ತಿರ ಹೋದರೆ ವಾಸನೆ—ಬರಲಿ—ಆ ಕೈ ಸೋತ ದಿನ ಅಮ್ಮಿಗೆ ಏನಿದೆ—ಗರಗರ ನಿಂತಿತು, ಎಳೆ ಕಡಿದಿರಬೇಕು, ಈಗ ಬೆರಳು ಮತ್ತೆ ಕುದಿನೀರಿಗೆ, ಹೆಬ್ಬೆಟ್ಟು, ನೀಲಿ ಮಚ್ಚೆ, ಗೆರೆಯಿಲ್ಲದ ನೀಲಿ ಮಚ್ಚೆ—

ಹೊಸಿಲು ದಾಟಿದ್ದಳು. ಸಾರ್, ಮನೆಗೆಲಸ ಅಂತ ಬರೀಬೇಡಿ, ನೂಲು ತೆಗೆಯೋದು ನಮ್ಮಮ್ಮಿ.