ಮಾತು ದಾಟಿಸುವ ಕೆಲಸ

ಕೊರಿಯಾದ ಬುಸಾನ್ ಬಂದರಿನ ಹಿಂದಿರುವ ಮೀನುವಡೆ ಕಾರ್ಖಾನೆಗೆ ಓಕ್‌ಹಿ ಬಹಳ ವರ್ಷಗಳಿಂದ ಮ್ಯಾನೇಜರ್. ತಂಗಿಯ ಜೊತೆ ಸೇರಿ ಟೊಂಗ್ಯೊಂಗ್ ಊರಿನಲ್ಲಿ ಊಟದಂಗಡಿ ನಡೆಸಲು ಹೊರಟಿದ್ದ ಅವಳು, ಕೊನೆಯ ವಾರವಿಡೀ ಹೊಸ ಮ್ಯಾನೇಜರ್ ಗ್ಯುಮಿನ್‌ಗೆ ಕೆಲಸ ಒಪ್ಪಿಸುತ್ತಿದ್ದಳು. ಮೀನು ತರುವವರು, ಯಂತ್ರ ರಿಪೇರಿಯವರು, ತಕರಾರಿನ ಗಿರಾಕಿಗಳು, ಎಲ್ಲವನ್ನೂ ಹೇಳಿಕೊಟ್ಟಾಯಿತು. ಒಂದನ್ನು ಮಾತ್ರ ಇನ್ನೂ ಹೇಳಿರಲಿಲ್ಲ. ಅದರಿಂದಾಗಿ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

ಮೀನು ರುಬ್ಬುವ ಕಡೆಯ ದಾಲ್‌ಸಿಕ್‌ಗೂ ಕರಿಯುವ ಕಡೆಯ ಬೊಕ್‌ಜಾಗೂ ಮಾತಿರಲಿಲ್ಲ. ಹಿಂದೊಮ್ಮೆ ಸರಕು ಕರಕಲಾದಾಗ ದಾಲ್‌ಸಿಕ್ ಎಲ್ಲರೆದುರು ಬೊಕ್‌ಜಾಳನ್ನು ಬೈದಿದ್ದ. ಹಿಟ್ಟಿನ ಹದ ತಪ್ಪಿದ್ದು ತನ್ನಿಂದಲೇ ಎಂದು ಆಮೇಲೆ ತಿಳಿದರೂ ಬಾಯಿಬಿಡಲಿಲ್ಲ. ಅಂದಿನಿಂದ ಅವರಿಬ್ಬರ ನಡುವಿನ ಮಾತನ್ನೆಲ್ಲ ಓಕ್‌ಹಿಯೇ ಅತ್ತಿತ್ತ ದಾಟಿಸುತ್ತಿದ್ದಳು. ಅದು ತನ್ನ ಜಾಣತನವೆಂದೇ ಅವಳು ನಂಬಿದ್ದಳು.

ಕೊನೆಗೆ ಗ್ಯುಮಿನ್‌ಗೆ ಹೇಳಿದಳು. ಅವನು ನಕ್ಕುಬಿಟ್ಟ. "ಹಾಗಾದ್ರೆ ನಾನಿಲ್ಲಿಗೆ ಅಂಚೆಯವನಾಗಿ ಬಂದಿದೀನಾ, ಮೇಡಂ?"

ಆ ಮಾತು ಚುಚ್ಚಿತು. ಮರುದಿನ ಬೆಳಿಗ್ಗೆ ದಾಲ್‌ಸಿಕ್ ಬಂದು, ಇವತ್ತಿನ ಮೀನಲ್ಲಿ ನೀರು ಜಾಸ್ತಿಯಿದೆ, ಹಿಟ್ಟು ತೆಳುವಾಗುತ್ತೆ, ಆ ಕಡೆ ತಿಳಿಸಿಬಿಡಿ ಎಂದ.

"ನಾನು ಹೇಳಲ್ಲಪ್ಪ. ಅವಳು ಅಲ್ಲೇ ಇದಾಳೆ, ನೀನೇ ಹೋಗಿ ಹೇಳು."

ಅವನು ಮುಖ ಊದಿಸಿಕೊಂಡು ಹೊರಟುಹೋದ, ಹೇಳಲಿಲ್ಲ. ಓಕ್‌ಹಿ ಕಾಫಿ ಬಗ್ಗಿಸಿಕೊಂಡಳು, ಕುಡಿಯಲಿಲ್ಲ. ಕರಿಯುವ ಕಡೆಗಿಳಿಯುವ ಮೆಟ್ಟಿಲ ತನಕ ಹೋದಳು, ಮರಳಿದಳು, ಮತ್ತೆ ಹೋದಳು. ಬಾಣಲೆಯಲ್ಲಿ ವಡೆಗಳು ಒಡೆದು ಚೂರಾಗತೊಡಗಿದವು. ಗ್ಯುಮಿನ್ ಅತ್ತ ಓಡಲು ಹೊರಟಾಗ ಅವನ ತೋಳು ಹಿಡಿದು ನಿಲ್ಲಿಸಿದಳು.

ಬೊಕ್‌ಜಾ ಒಲೆ ಆರಿಸಿ ನೇರ ರುಬ್ಬುವ ಕೋಣೆಗೆ ನುಗ್ಗಿದಳು.

"ಹಿಟ್ಟು ತೆಳು ಅಂತ ಹೇಳೋಕೆ ನಾಲಿಗೆ ಬಿದ್ದೋಗಿತ್ತಾ ನಿಂಗೆ?"

"ಹೇಳಿದ್ರೆ ಕೇಳ್ತಿದ್ಯಾ ನೀನು?"

ಜಗಳ ಬೆಳೆದು, ಆ ಹಳೆಯ ಕರಕಲು ಸರಕಿನ ತನಕ ಹೋಯಿತು. ಕೆಲಸದವರೆಲ್ಲ ಕೈಕಟ್ಟಿ ನಿಂತಿದ್ದರು. ಕೊನೆಗೆ ದಾಲ್‌ಸಿಕ್ ನೆಲ ನೋಡುತ್ತ, "ಅವತ್ತಿಂದು ನನ್ನ ತಪ್ಪೇ," ಎಂದ.

ಬೊಕ್‌ಜಾ ಕೈ ಒರೆಸಿಕೊಂಡಳು. "ಇನ್ನೊಂದಿಷ್ಟು ಆಲೂಗಡ್ಡೆ ಹಿಟ್ಟು ಸೇರಿಸು," ಎಂದಷ್ಟೇ ಹೇಳಿ ಒಲೆಯತ್ತ ನಡೆದಳು.

ಅವರೇನೂ ಸ್ನೇಹಿತರಾಗಲಿಲ್ಲ. ಆದರೆ ವಾರದ ಉಳಿದ ದಿನ ನೇರವಾಗಿಯೇ ಗದರಿಕೊಂಡು ಕೆಲಸ ನಡೆಸಿದರು. ಬೀಳ್ಕೊಡುಗೆ ಊಟದಲ್ಲಿ ಬೊಕ್‌ಜಾ ಓಕ್‌ಹಿಯ ಲೋಟಕ್ಕೆ ಸೋಜು ಮದ್ಯ ಸುರಿಯುತ್ತ ಮೆಲ್ಲಗೆ ಕೇಳಿದಳು: "ನಮ್ಮನ್ನ ನಮ್ಮಷ್ಟಕ್ಕೆ ಬಿಡೋದನ್ನ ಮೊದಲೇ ಮಾಡಬಹುದಿತ್ತಲ್ಲ, ಅಕ್ಕ?"

ಓಕ್‌ಹಿ ಲೋಟವನ್ನು ಒಂದೇ ಗುಟುಕಿಗೆ ಖಾಲಿ ಮಾಡಿದಳು.

ಟೊಂಗ್ಯೊಂಗಿನ ಬಸ್ಸಿನಲ್ಲಿ ಅವಳು ಫೋನನ್ನು ಚೀಲಕ್ಕೆ ಹಾಕುವುದು, ತೆಗೆಯುವುದು ಮಾಡುತ್ತಲೇ ಇದ್ದಳು. ಇವತ್ತಿನ ಮೀನು ಹೇಗಿದೆಯೋ. ಯಾರೂ ಕರೆ ಮಾಡಲಿಲ್ಲ. ಒಳ್ಳೆಯದೇ ಆಯಿತು ಎಂದು ತನಗೇ ಹೇಳಿಕೊಂಡು, ಮತ್ತೊಮ್ಮೆ ತೆಗೆದು ನೋಡಿದಳು.