ಧನಿಯ ಬೆನ್ನು

"ದೇವರ ಕೆಲಸಕ್ಕೆ ರೇಟ್ ಹೇಳ್ತೀಯಲ್ಲ, ಬೇವರ್ಸಿ, ನಾಚಿಕೆ ಆಗುದಿಲ್ವಾ ನಿಂಗೆ?"

ಹೀಗೆ ಕೇಳುವಾಗ ಯಶೋಧರ ಧನಿಯ ಮೈಮೇಲೆ ಇದ್ದದ್ದು ಒಂದು ಚಡ್ಡಿ ಮಾತ್ರ. ಅಡ್ಡ ಕಟ್ಟಿದ ಬಿದಿರಿನ ಮೇಲೆ ಎರಡೂ ಕೈ ಚಾಚಿ, ಕಾಲು ಅಗಲಿಸಿ ನಿಂತಿದ್ದ. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಹಸಿ ಹಳದಿ ಬಣ್ಣ. ಹುಲಿವೇಷಕ್ಕೆ ಬಣ್ಣ ಹಾಕಿಸಿಕೊಂಡವನು ಅದು ಒಣಗುವ ತನಕ ಕೂರುವ ಹಾಗಿಲ್ಲ, ಕೈ ಇಳಿಸುವ ಹಾಗಿಲ್ಲ, ಎಲ್ಲಿ ತುರಿಸಿದರೂ ಕೆರೆಯುವ ಹಾಗಿಲ್ಲ. ಬಾಯಿಗೆ ಮಾತ್ರ ತಡೆಯಿಲ್ಲ.

ಹರ್ಷಿಣಿ ಬ್ರಶ್ಶನ್ನು ಡಬ್ಬಿಯ ಅಂಚಿಗೆ ಒರೆಸಿದಳು. "ದೇವರಿಗೆ ನಾನು ರೇಟ್ ಹೇಳಲಿಲ್ಲ. ನಿಮಗೆ ಹೇಳಿದ್ದು. ಹೋದ ವಾರ ಫೋನಲ್ಲೇ ಹೇಳಿದ್ದೇನೆ, ಹುಲಿಗೆ ಮೂರು ಸಾವಿರ."

"ನಾನೆಂತ ಹೇಳಿದೆ?"

"ಬಾ, ನೋಡುವ ಅಂದ್ರಿ."

"ಈಗ ನೋಡಿ ಆಯ್ತಲ್ಲ? ಒಂದು ಜೊತೆ ಬಟ್ಟೆ, ಒಂದು ಚೀಲ ಕುಚ್ಚಲಕ್ಕಿ. ನಿನ್ನಪ್ಪನಿಗೂ ಅಷ್ಟೇ ಕೊಡ್ತಿದ್ದದ್ದು."

ಕೃಷ್ಣಾಷ್ಟಮಿಯ ಮರುದಿನ. ಆದಿ ಉಡುಪಿಯಲ್ಲಿ ಧನಿಯ ಲಾರಿ ನಿಲ್ಲಿಸುವ ಶೆಡ್ಡು. ಹಿಂದಿನ ಸಂಜೆಯಿಂದ ನಿಂತೇ ಬಣ್ಣ ಹಾಕಿ ಹರ್ಷಿಣಿಯ ಸೊಂಟ ಬಿದ್ದುಹೋಗಿತ್ತು. ತಂಡದ ಹುಡುಗರೆಲ್ಲ ಹುಲಿಗಳಾಗಿ ಗೋಡೆ ಮುಟ್ಟದೆ ನಿಂತಿದ್ದರು. ನಗರಸಭೆಯ ಚುನಾವಣೆಯ ಮೇಲೆ ಕಣ್ಣಿಟ್ಟಿದ್ದ ಧನಿ ಈ ವರ್ಷ ತಾನೂ ವೇಷ ಹಾಕುವುದೆಂದು ಹೊರಟಿದ್ದ. ಡಿಜೆಯವರಿಗೆ ಮುಂಗಡ ಹೋಗಿತ್ತು. ಟೆಂಪೋದವನಿಗೆ, ಪಟಾಕಿಗೆ, ಫ್ಲೆಕ್ಸಿಗೆ, ಎಲ್ಲದಕ್ಕೂ ಹೋಗಿತ್ತು. ಬಣ್ಣ ಮಾತ್ರ ದೇವರ ಕೆಲಸವಾಗಿತ್ತು.

ಬೆಳಗ್ಗೆ ಹುಲಿಗಳಿಗೆಲ್ಲ ಸ್ಟೀಲ್ ಲೋಟದಲ್ಲಿ ಚಾ ಬಂದಿತ್ತು. ಹರ್ಷಿಣಿಗೂ ಅವಳ ಅಪ್ಪ ಶೀನನಿಗೂ ಹೊರಗೆ, ಮೋರಿಯ ಹಾಸುಗಲ್ಲಿನ ಮೇಲೆ, ಪೇಪರ್ ಲೋಟ. ಶೀನ ಕುಡಿದು, ಲೋಟವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡಿದ್ದ. ಈಗ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಪ್ಪು ಬಣ್ಣ ಕಲಸುತ್ತಿದ್ದ.

"ಇಷ್ಟು ವರ್ಷದಲ್ಲಿ ನಿನ್ನಪ್ಪ ಒಂದು ದಿನ ಬಾಯಿ ಬಿಟ್ಟಿದ್ದಾನಾ, ಕೇಳು!"

ಹರ್ಷಿಣಿ ಅಪ್ಪನ ಕಡೆ ನೋಡಿದಳು. ಕಲಸುವ ಕಡ್ಡಿ ನಿಲ್ಲಲಿಲ್ಲ. ಆ ಮೌನ ಅವಳಿಗೆ ಹೊಸದಲ್ಲ, ಅವಳ ಬಾಯಿಗೂ ಅದು ಇಳಿದು ಬಂದಿತ್ತು. ಮಣಿಪಾಲದ ಕೆಫೆಗಳಿಗೆ ಗೋಡೆಚಿತ್ರ ಬರೆಯತೊಡಗಿದ ಕಾಲದಲ್ಲಿ ಅವಳು ತನ್ನೂರು ಮಟ್ಟುವಿನಿಂದ ಬಸ್ಸಿನಲ್ಲಿ ಹೋಗುವಾಗ "ಎಂಟು ಸಾವಿರ, ಎಂಟು ಸಾವಿರ" ಎಂದು ಕಿಟಕಿಗೆ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಮಾಲೀಕರ ಎದುರು ನಿಂತಾಗ ಅದೇ ಬಾಯಿಯಿಂದ "ನೀವೇ ನೋಡಿ ಕೊಡಿ" ಎಂದು ಬರುತ್ತಿತ್ತು. ಅವರು ನೋಡುತ್ತಿದ್ದರು. ಕೊಡುತ್ತಿರಲಿಲ್ಲ.

ಧನಿ ದನಿ ತಗ್ಗಿಸಿ ಮೃದುವಾದ. "ನೋಡು ಹುಡುಗಿ. ನಮ್ಮ ತಂಡಕ್ಕೆ ಬಣ್ಣ ಹಾಕಿದ್ದು ಅಂದ್ರೆ ನಿನ್ನ ಹೆಸರು ಊರಿಡೀ ಗೊತ್ತಾಗ್ತದೆ. ಅದರ ಬೆಲೆ ಗೊತ್ತುಂಟಾ ನಿಂಗೆ?"

"ಹಾಗಾದ್ರೆ ಡಿಜೆಯವರಿಗೆ ಹೆಸರು ಕೊಡಿ. ದುಡ್ಡು ನಂಗೆ ಕೊಡಿ."

ಹುಲಿಯೊಂದು ಕಿಸಕ್ಕೆಂದಿತು. ಬಸ್ ಕಂಡಕ್ಟರ್ ರೋಹಿತ್.

ಹರ್ಷಿಣಿ ಬ್ರಶ್ಶನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕಿದಳು. ಬಕೆಟ್ ಮಗುಚಿ ಕೂತಳು. ಬೆಳಗ್ಗಿನಿಂದ ಪಕ್ಕದಲ್ಲಿಟ್ಟಿದ್ದ, ಆರಿದ ಚಹಾವನ್ನು ಬಿಸಿಯಿದೆಯೆಂಬಂತೆ ಊದಿ ಊದಿ ಕುಡಿಯತೊಡಗಿದಳು.

"ಎಂತ ಕೂತದ್ದು? ಪಟ್ಟೆ ಯಾರು ಎಳಿಯುದು?"

"ಒಂದು ಚೀಲ ಅಕ್ಕಿಗೆ ಹಳದಿ ಮಾತ್ರ ಬರ್ತದೆ."

ಹೊರಗೆ ತಾಸೆ ಡೋಲಿನ ಬಡಿತ ಶುರುವಾಯಿತು. ಧನಿಯ ಹೊಟ್ಟೆ ತಾಳಕ್ಕೆ ಸರಿಯಾಗಿ ಏರಿಳಿಯಿತು. ಮೂಗಿನ ತುದಿಯಲ್ಲಿ ಬೆವರು ನಿಂತಿತು. ಒರೆಸಲು ಕೈ ಇಲ್ಲ.

"ಧನಿ, ಹೀಗೇ ಹೊರಗೆ ಹೋಗ್ಬೇಡಿ ಮಾರಾಯ್ರೆ," ರೋಹಿತ್ ಅಂದ. "ಮದುಮಗಳಿಗೆ ಅರಶಿನ ಹಚ್ಚಿದ್ದು ಅಂತ ಹೆಂಗಸರು ಶೋಭಾನೆ ಹಾಡಿಯಾರು."

"ಬಾಯಿ ಮುಚ್ಚೋ ಬೋಳಿಮಗ!" ಧನಿ ಮೂಲೆಗೆ ತಿರುಗಿದ. "ಶೀನಾ! ನಿಮ್ಮ ಮನೆ ಯಾರ ಜಾಗದಲ್ಲಿ ಉಂಟು ಅಂತ ಈ ಹುಡುಗಿಗೆ ಹೇಳಿದ್ದೀಯಾ?"

ಮಟ್ಟುವಿನಲ್ಲಿ ಧನಿಯ ಗುಳ್ಳ ಬದನೆಯ ಗದ್ದೆಯ ಅಂಚಿಗೆ ಅವರ ಮನೆ.

"ಹೇಳಿದ್ದೇನೆ ಧನಿ," ಶೀನ ಅಂದ. ಬೆಳಗ್ಗಿನಿಂದ ಅವನಾಡಿದ ಮೊದಲ ಮಾತು.

"ಹಾಗಾದ್ರೆ ಬಾ. ನೀನೇ ಎಳೆ ಪಟ್ಟೆ."

ಶೀನ ಮೊಣಕಾಲು ಹಿಡಿದು ಎದ್ದ. ಒಂದು ಕಾಲಕ್ಕೆ ಮಲ್ಪೆಯಲ್ಲಿ ಬೋಟುಗಳಿಗೆ ಹೆಸರು ಬರೆದ ಕೈ ಅದು. ಈಗ ನಡುಗುತ್ತದೆಂದೇ ಕೆಲಸ ಮಗಳಿಗೆ ಬಂದದ್ದು.

"ಅಪ್ಪಾ, ಬೇಡ."

ಅವನು ಅವಳ ಕಡೆ ನೋಡಲಿಲ್ಲ. ಬ್ರಶ್ಶು ತೆಗೆದುಕೊಂಡ. ಎದೆ, ಹೊಟ್ಟೆ, ತೊಡೆ, ಒಂದೊಂದಾಗಿ ಪಟ್ಟೆ ಎಳೆದ. ಹರ್ಷಿಣಿ ಲೋಟದ ತಳ ನೋಡುತ್ತ ಕೂತಳು.

ಧನಿ ಎದುರಿನ ಕನ್ನಡಿಯಲ್ಲಿ ತನ್ನ ಹೊಟ್ಟೆಯನ್ನು ನೋಡಿ ಸಂತೋಷಪಟ್ಟ. "ಕಂಡ್ಯಾ? ಇದಕ್ಕೆ ನಿಯತ್ತು ಅಂತ ಹೇಳುದು. ಕಾಲೇಜಲ್ಲಿ ಕಲಿಸುದಿಲ್ಲ."

"ಈಗ ಬೆನ್ನು," ಎಂದು ಶೀನ ಹಿಂದೆ ಹೋದ.

ಬೆನ್ನಿಗೆ ಬಹಳ ಹೊತ್ತು ಹಿಡಿಯಿತು. ರೋಹಿತ್ ಒಮ್ಮೆ ಕೆಮ್ಮಿದ. ಇನ್ನೊಂದು ಹುಲಿ ಗೋಡೆಗೆ ಮುಖ ಮಾಡಿ ನಿಂತಿತು, ಅದರ ಭುಜ ಕುಲುಕುತ್ತಿತ್ತು. ಹರ್ಷಿಣಿ ಎದ್ದು ಧನಿಯ ಬೆನ್ನ ಹಿಂದೆ ಬಂದಳು.

ಹತ್ತಿರದಿಂದ ನೋಡಿದರೆ ಪಟ್ಟೆಗಳೇ. ನಡುಗಿದ ಗೆರೆ ಹುಲಿಪಟ್ಟೆಯ ಹಾಗೆಯೇ ಹರಿದಿತ್ತು. ಒಂದೆರಡು ಹೆಜ್ಜೆ ಹಿಂದೆ ಸರಿದಾಗ, ಬೋಟಿಗೆ ಬರೆಯುವಷ್ಟು ದೊಡ್ಡ ಅಕ್ಷರದಲ್ಲಿ, ಹೆಗಲಿನಿಂದ ಹೆಗಲಿಗೆ: ಹರ್ಷಿಣಿ. ಅದರ ಕೆಳಗೆ: ಹುಲಿಗೆ ಮೂರು ಸಾವಿರ. ಚಡ್ಡಿಯ ಮೇಲಂಚಿಗೆ ಅವಳ ಫೋನ್ ನಂಬರು.

"ಎಂತ ನಗುದು ನೀವು?" ಧನಿ ಗುಡುಗಿದ.

"ಬಣ್ಣ ಚಂದ ಬಂದಿದೆ ಧನಿ," ಶೀನ ಅಂದ.

ಧನಿಯ ಕಡೆಯವರೆಲ್ಲ ಹೊರಗೆ ಟೆಂಪೋ ಸಿಂಗರಿಸುವುದರಲ್ಲಿದ್ದರು. ಬಣ್ಣ ಆರಿತು. ಧನಿ ಹುಲಿಯ ತಲೆ ಇಟ್ಟುಕೊಂಡು ತಾಸೆಯವರ ಮುಂದೆ ಹಾರಿ ಕುಣಿದ. ಹಿಂದಿನಿಂದ ಎದ್ದ ನಗೆಯನ್ನು ಜೈಕಾರವೆಂದುಕೊಂಡು ಎರಡೂ ಕೈ ಎತ್ತಿ ಸೊಂಟ ತಿರುಗಿಸಿದ. ಜನ ಮೊಬೈಲ್ ಎತ್ತಿದರು. ಇನ್ನಷ್ಟು ತಿರುಗಿಸಿದ. ಮೆರವಣಿಗೆ ರಥಬೀದಿಯ ಕಡೆ ಹೊರಟಿತು.

ಶೆಡ್ಡಿನಲ್ಲಿ ಹರ್ಷಿಣಿಯ ಫೋನ್ ರಿಂಗಾಯಿತು.

"ಅಲ್ಲಾ, ಇಲ್ಲಿ ಒಬ್ಬರ ಬೆನ್ನಲ್ಲಿ ಈ ನಂಬರ್ ಕಂಡೆ," ಹೆಂಗಸಿನ ದನಿ, ಹಿಂದೆ ತಾಸೆ. "ಕುಕ್ಕುಂದೂರಿನಿಂದ ಬಂದದ್ದು ನಾವು. ದಸರಾಕ್ಕೆ ನಮ್ಮ ಹೆಣ್ಮಕ್ಕಳ ತಂಡ ಉಂಟು. ಸ್ವಲ್ಪ ಕಮ್ಮಿ ಆಗ್ತದಾ?"

ಹರ್ಷಿಣಿ ಬಾಯಿ ತೆರೆದಳು. "ನೀವೇ ನೋಡಿ ಕೊಡಿ" ಎಂಬ ಹಳೆಯ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿದಳು.

"ಬೆನ್ನಲ್ಲಿ ಬರೆದದ್ದೇ ರೇಟ್ ಅಕ್ಕ."

ಫೋನ್ ಇಟ್ಟಾಗ ಅಪ್ಪ ಬ್ರಶ್ಶುಗಳನ್ನು ತೊಳೆದು ಚಿಂದಿಯಲ್ಲಿ ಸುತ್ತುತ್ತಿದ್ದ.

"ಅಪ್ಪಾ, ಮನೆ?"

ಶೀನ ಸೀಮೆಎಣ್ಣೆಯ ಡಬ್ಬಿಯ ಮುಚ್ಚಳ ಬಿಗಿಮಾಡಿ, ಒಮ್ಮೆ ಅಲ್ಲಾಡಿಸಿ ನೋಡಿ, ಚೀಲದೊಳಗೆ ಇಟ್ಟುಕೊಂಡ.

"ಅವರ ಕೈ ಬೆನ್ನಿಗೆ ಮುಟ್ಟುದಿಲ್ಲ," ಅಂದ. "ಬಣ್ಣ ತೆಗೀಲಿಕ್ಕೆ ನಮ್ಮನ್ನೇ ಕರೀತಾರೆ. ಅದಕ್ಕೆ ಎಷ್ಟು ಹೇಳುವ ಮಗಾ?"