ವರ್ನೀಟಕ್ಕನ ಬಲಗೈ

"ಕೈ ತಾನೆ ಹೋಗಿದ್ದು, ಪ್ರಾಣ ಹೋಗಿಲ್ವಲ್ಲ! ಬಾಯ್ಮುಚ್ಕೊಂಡು ಹತ್ತೇ!"

ನಮ್ಮ ಮೀನು ಕಾರ್ಖಾನೆಯ ಮೇಲ್ವಿಚಾರಕ ಮಿಸ್ಟರ್ ಡೇಲ್, ವರ್ನೀಟಕ್ಕನನ್ನು ತನ್ನ ಪಿಕಪ್ ಗಾಡಿಯೊಳಗೆ ತಳ್ಳಿದ. ಸೀಟಿಗೆ ರಕ್ತ ಹತ್ತದಿರಲೆಂದು ಮೊದಲೇ ಕಸದ ಚೀಲ ಹಾಸಿದ್ದ.

ಮೀನಿನ ಚರ್ಮ ಸುಲಿಯುವ ಯಂತ್ರ ಅವಳ ಬಲ ಅಂಗೈಯನ್ನೂ ಸುಲಿದಿತ್ತು. ಅವಳ ಪಕ್ಕದಲ್ಲೇ ನಿಂತು ಕ್ಯಾಟ್‌ಫಿಶ್ ಕೊಯ್ಯುವವಳು ನಾನು. ನನ್ನ ತಲೆಬಟ್ಟೆ ಬಿಚ್ಚಿ ಆ ಕೈಗೆ ಸುತ್ತಿದ್ದೆ.

"ಆಂಬುಲೆನ್ಸ್ ಕರೀರಿ ಸಾರ್."

"ಆಂಬುಲೆನ್ಸ್ ಬಂದ್ರೆ ಇನ್ಶೂರೆನ್ಸಿನೋರ ಕಿವಿಗೆ ಬೀಳುತ್ತೆ. ಕಂಪ್ನಿ ಕಟ್ಟೋ ಕಂತು ಏರುತ್ತೆ. ನಿಮ್ಮಪ್ಪ ಬಂದು ಕಟ್ತಾನೇನೇ? ಒಳಗೆ ನಡಿ, ಬೆಲ್ಟ್ ನಿಂತೋಗಿದೆ."

ಮೀನು ಸಾಗುವ ಬೆಲ್ಟ್ ನಿಂತಿರಲಿಲ್ಲ. ನಾನು ಒಳಗೆ ಹೋಗುವಷ್ಟರಲ್ಲಿ ಯಂತ್ರಕ್ಕೆ ನೀರು ಹೊಡೆದು ತೊಳೆದಿದ್ದರು. ಅವಳ ಜಾಗದಲ್ಲಿ ಇನ್ನೊಬ್ಬಳು ನಿಂತಿದ್ದಳು.

ಕಂಪನಿಯ ಡಾಕ್ಟರು ಹೊಲಿಗೆ ಹಾಕಿ, ಹಗುರ ಕೆಲಸ ಮಾಡಬಹುದು ಎಂದು ಬರೆದುಕೊಟ್ಟರು. ಅವಳು ಮನೆಯಲ್ಲಿ ಮಲಗಿದರೆ ವಿಮೆಯವರು ಸಂಬಳದ ಪಾಲು ಕೊಡಬೇಕಾಗುತ್ತದೆ. ಕೆಲಸಕ್ಕೆ ಬಂದರೆ ಅದೇನೂ ಇಲ್ಲ, ಅಪಘಾತ ಆದದ್ದೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮರುದಿನ ಬೆಳಿಗ್ಗೆಯೇ ಅವಳ ಮನೆಯ ಮುಂದೆ ಪಿಕಪ್ ಬಂದು ಹಾರ್ನ್ ಹೊಡೆಯಿತು. ಮಲಗಿದ್ದ ಬಟ್ಟೆಯ ಮೇಲೆಯೇ ಕೋಟು ಏರಿಸಿಕೊಂಡು ಬಂದಳು. ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಲು ಆಗಿರಲಿಲ್ಲ.

ಹೆಂಗಸರ ಕಕ್ಕಸಿನ ಬಾಗಿಲಲ್ಲಿ ಒಂದು ಕುರ್ಚಿ ಹಾಕಿದ್ದರು. ಅದೇ ಹಗುರ ಕೆಲಸ.

"ಯಾವಳು ಒಳಗೆ ಹೋದ್ಲು, ಎಷ್ಟೊತ್ತು ಕೂತ್ಲು, ಸಂಜೆ ನನಗೆ ಹೇಳ್ಬೇಕು," ಅಂದ ಡೇಲ್. "ನಾಲಿಗೆಗೇನೂ ಆಗಿಲ್ವಲ್ಲ?"

ಅವಳು ಒಂದು ದಿನವೂ ಯಾರ ಹೆಸರನ್ನೂ ಹೇಳಲಿಲ್ಲ. ನೋವಿನ ಮಾತ್ರೆ ನುಂಗಿ ಅಲ್ಲೇ ತೂಕಡಿಸುತ್ತಿದ್ದಳು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಹೋಗುವವರು ಬರುವವರು ಅವಳ ಕಾಲು ದಾಟಿಕೊಂಡು ಓಡಾಡುತ್ತಿದ್ದೆವು. ಮೊದಮೊದಲು ನಿಂತು ಮಾತಾಡಿಸುತ್ತಿದ್ದವರು ಆಮೇಲೆ ಅದನ್ನೂ ಬಿಟ್ಟರು. ಆದರೂ ಅವಳು ಬರಲೇಬೇಕು ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿತ್ತು. ವರ್ಷದಲ್ಲಿ ಒಬ್ಬರೂ ಗಾಯವಾಗಿ ಮನೆಯಲ್ಲಿ ಕೂರದಿದ್ದರೆ ಕ್ರಿಸ್‌ಮಸ್ಸಿಗೆ ಕಂಪನಿ ಊಟ ಹಾಕಿಸಿ, ತಲೆಗೊಂದು ಹಂದಿತೊಡೆ ಕೊಡುತ್ತಿತ್ತು. ಮೀನಿನ ತಲೆ ಕಡಿಯುವ ಓರಲೀ ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ಅಕ್ಕಾ, ಮನೇಲಿ ಮಲಗ್ಬಿಟ್ಟೀಯ ಮತ್ತೆ. ನನ್ನ ಮಕ್ಳು ಮಾಂಸ ಅಂತ ಬಾಯಿ ಬಿಟ್ಕೊಂಡು ಕೂತವೆ."

"ಬರ್ತೀನಿ ಕಣೇ. ಮಲಗಲ್ಲ."

ಗಾಯ ಮಾಯಿತು, ಬೆರಳು ಮಡಚಲು ಬಂತು. ಸ್ಪರ್ಶ ಮಾತ್ರ ತಿರುಗಿ ಬರಲಿಲ್ಲ. ಜಾಕ್ಸನ್ ನಗರದ ದೊಡ್ಡ ಆಸ್ಪತ್ರೆಯವರು, ನರ ತುಂಡಾಗಿದೆ, ಬೇಗ ಕೂಡಿಸದಿದ್ದರೆ ಕೈ ಹೀಗೇ ಉಳಿದುಬಿಡುತ್ತದೆ ಎಂದರು. ಆ ಆಪರೇಷನ್ನಿಗೆ ವಿಮೆಯವರು ಹೂಂ ಅನ್ನಬೇಕಿತ್ತು.

ವಿಮೆಯವರ ಕಡೆಯಿಂದ ಪ್ರೂಯಿಟ್ ಎಂಬಾತ ಬಂದ. ಡೇಲ್‌ನ ಕೋಣೆಗೆ ವರ್ನೀಟಕ್ಕ ಜೊತೆಗೆ ನನ್ನನ್ನೂ ಕರೆದೊಯ್ದಳು. ಪ್ರೂಯಿಟ್ ಎದ್ದು ನಿಂತು ಅವಳಿಗೆ ಕುರ್ಚಿ ಎಳೆದುಕೊಟ್ಟ, 'ಅಮ್ಮಾ' ಅಂದ. ಆ ಕೋಣೆಯಲ್ಲಿ ಬಿಳಿಯನೊಬ್ಬ ನಮ್ಮಂಥ ಕರಿ ಹೆಂಗಸರನ್ನು ಹಾಗೆ ಕರೆದದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಟಿ.ವಿ.ಗೆ ಒಂದು ಕ್ಯಾಸೆಟ್ ಹಾಕಿದ.

ನಮ್ಮ ಚರ್ಚಿನ ಅಂಗಳ. ರಸ್ತೆಯಾಚೆ ಯಾವುದೋ ಕಾರಿನೊಳಗೆ ಕೂತು ತೆಗೆದದ್ದು. ಹಾಡುವವರ ನಡುವೆ ವರ್ನೀಟಕ್ಕ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದಾಳೆ.

"ನೋಡಿ ಅಮ್ಮಾ, ಕೈ ಚೆನ್ನಾಗೇ ಆಡ್ತಿದೆ."

"ಆಡುತ್ತೆ. ತಟ್ಟಿದ್ದು ಕಿವಿಗೆ ಕೇಳುತ್ತೆ, ಕೈಗೆ ಗೊತ್ತಾಗಲ್ಲ."

"ಅದು ಇದ್ರಲ್ಲಿ ಕಾಣಲ್ವಲ್ಲ ಅಮ್ಮಾ."

ಡೇಲ್ ನಕ್ಕ. "ದೇವ್ರಿಗಾದ್ರೆ ಕೈ ಏಳುತ್ತೆ, ಮೀನಿಗಾದ್ರೆ ಏಳಲ್ವೇನೇ ಲೌಡಿ?"

ವರ್ನೀಟಕ್ಕ ಟಿ.ವಿ.ಯನ್ನೇ ನೋಡುತ್ತಿದ್ದಳು. ಹಾಡು ಮುಗಿಯುವ ತನಕ ನೋಡಿದಳು.

ಆಪರೇಷನ್ ಇಲ್ಲ ಅಂದರು. ವಾರವಾರ ಅವಳ ಸಂಬಳದಲ್ಲಿ ಮುರಿದುಕೊಳ್ಳುವ ಆರೋಗ್ಯ ವಿಮೆಯೊಂದಿತ್ತು, ಅವರಿಗೆ ಫೋನು ಮಾಡಿಸಿದೆವು. ಕೆಲಸದಲ್ಲಿ ಆದ ಗಾಯ ನಮಗೆ ಸೇರಿದ್ದಲ್ಲ, ಅಪಘಾತ ವಿಮೆಯವರನ್ನು ಕೇಳಿ ಎಂದರು. ಪ್ರೂಯಿಟ್‌ನ ಅಪಘಾತ ವಿಮೆಯವರು, ಗಾಯವೇ ಇಲ್ಲವಲ್ಲ ಎಂದರು. ಅವಳನ್ನು ಮತ್ತೆ ಬೆಲ್ಟಿಗೆ ನಿಲ್ಲಿಸಿದರು, ಈ ಸಲ ನನ್ನ ಹಾಗೆ ಮೀನು ಕೊಯ್ಯಲು. ಬಲಗೈಯಲ್ಲಿ ಹಿಡಿದ ಚಾಕು ಜಾರಿಬಿದ್ದದ್ದು ತಿಳಿಯದೆ, ಬರಿಗೈಯನ್ನು ಮೀನಿನ ಮೇಲೆ ಎಳೆಯುತ್ತಿದ್ದಳು. ನಾನು ಚಾಕು ಹೆಕ್ಕಿ ಕೊಡುತ್ತಿದ್ದೆ. ಅಕ್ಕಾ, ಅತ್ತುಬಿಡು ಅಂದೆ ಒಮ್ಮೆ. "ಅಳು ಬರ್ತಿಲ್ವಲ್ಲೇ," ಅಂದಳು.

ಕ್ರಿಸ್‌ಮಸ್ ಊಟಕ್ಕೆ ಪ್ರೂಯಿಟ್ ಕೂಡ ಬಂದಿದ್ದ. ಗಾಯವಾಗಿ ಒಬ್ಬರೂ ಕೆಲಸ ತಪ್ಪಿಸದೆ ವರ್ಷ ಮುಗಿಸಿದ ಕಾರ್ಖಾನೆ ಎಂದು ಹೊಗಳಿ, ಡೇಲ್‌ನ ಕೈಗೆ ಹಿತ್ತಾಳೆಯ ಫಲಕ ಕೊಟ್ಟ. ನಾವು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆವು. ಓರಲೀ ಬಟ್ಟೆಯಲ್ಲಿ ಸುತ್ತಿದ ಮಾಂಸವನ್ನು ಮಗುವಿನಂತೆ ಎತ್ತಿಕೊಂಡಿದ್ದಳು. ಮೇಜಿನ ಮೇಲೆ ಉರಿಯುವ ಒಲೆ, ಅದರ ಮೇಲೆ ಜೋಳದ ರೊಟ್ಟಿ ಬಿಸಿಯಾಗುತ್ತಿದ್ದ ಕಬ್ಬಿಣದ ಹಂಚು.

ವರ್ನೀಟಕ್ಕ ತನ್ನ ಸರದಿ ಬಂದಾಗ ತಟ್ಟೆ ಕೆಳಗಿಟ್ಟಳು. ಸೌಟಿನಿಂದ ರೊಟ್ಟಿಗಳನ್ನು ಒಂದು ಬದಿಗೆ ಸರಿಸಿದಳು. ಬಲ ಅಂಗೈಯನ್ನು ಚಾಚಿ ಹಂಚಿನ ಮೇಲೆ ಊರಿದಳು.

"ಪ್ರೂಯಿಟ್ ಸಾಹೇಬ್ರೇ," ಅಂದಳು. ದನಿ ಏರಲಿಲ್ಲ. "ಯಾವಾಗ ತೆಗೀಬೇಕೋ ನೀವೇ ಹೇಳಿ. ನನಗೆ ಗೊತ್ತಾಗಲ್ಲ."

ಚೊಯ್ ಎಂದಿತು. ಡೇಲ್ ಫಲಕ ಹಿಡಿದೇ ನಿಂತಿದ್ದ. ಪ್ರೂಯಿಟ್ ಒಂದು ಹೆಜ್ಜೆ ಹಿಂದಕ್ಕೆ ಸರಿದ. ನಮ್ಮಲ್ಲೂ ಯಾರಿಗೂ ಕಾಲು ಕೀಳಲಾಗಲಿಲ್ಲ. ಸುಟ್ಟ ವಾಸನೆ ಊಟದ ವಾಸನೆಯೊಳಗೆ ಬೆರೆತು ಸಾಲಿನ ಕೊನೆಯ ತನಕ ಬಂತು.

"ಹೇಳಿ ಸಾರ್," ಅಂದಳು ವರ್ನೀಟಕ್ಕ.